ಬಾಗಿಲ ಹತ್ತಿರ ಕಳೆದ 12 ನಿಮಿಷ

ನಮ್ಮ ಮನೆ ಹೊಸಕೆರೆಹಳ್ಳಿಯಲ್ಲಿ, ಮಗಳ ಸ್ಕೂಲು ಬಸವನಗುಡಿ ಕಡೆ. ಸ್ಕೂಟರಿನ ಮೀಟರ್ ಪ್ರಕಾರ ನಾಲ್ಕೂವರೆ ಕಿಲೋಮೀಟರ್. ಬೆಲ್ 8:30ಕ್ಕೆ. ಹೆಂಡತಿ 7 ಗಂಟೆಗೇ ಆಫೀಸ್ ಕ್ಯಾಬ್ ಹತ್ತುತ್ತಾಳೆ, ಹಾಗಾಗಿ ಬೆಳಗಿನ ಪಾಳಿ ನನ್ನದು ಮತ್ತು ನನ್ನ ಅಮ್ಮನದು.

ಕಳೆದ ಮಳೆಗಾಲದ ಒಂದು ಸೋಮವಾರ ತಡವಾಗಿತ್ತು. ನಾಲ್ಕು ನಿಮಿಷ ಉಳಿಯುತ್ತದೆ ಎಂದು ಒನ್‌ವೇಯಲ್ಲಿ ಉಲ್ಟಾ ನುಗ್ಗಿದೆ. "ಅಪ್ಪಾ, ಇದು ಒನ್‌ವೇ ಅಲ್ವಾ?" ಎಂದು ಪುಟ್ಟಿ ಹಿಂದಿನಿಂದ ಕೇಳುತ್ತಿದ್ದ ಹಾಗೇ ತಿರುವಿನಲ್ಲಿ ನೀರಿನ ಕ್ಯಾನ್ ತುಂಬಿದ ಗೂಡ್ಸ್ ಆಟೋ ಎದುರಾಯಿತು. ಬ್ರೇಕ್ ಒತ್ತಿದ ರಭಸಕ್ಕೆ ಒಂದು ಕ್ಯಾನ್ ಉರುಳಿ ರಸ್ತೆಗೆ ಬಿತ್ತು. ನನ್ನ ಮುಂದಿನ ಚಕ್ರಕ್ಕೂ ಆಟೋಗೂ ನಡುವೆ ಒಂದು ಮೊಳ ಇತ್ತೇನೋ. ಬೈಗುಳ ಕೇಳಲು ತಯಾರಾಗಿ ನಿಂತಿದ್ದೆ. ವಯಸ್ಸಾದ ಡ್ರೈವರು ಇಳಿದು, ಕ್ಯಾನ್ ಎತ್ತಿಟ್ಟು, "ಹಿಂದೆ ಮಗು ಕೂತಿದೆ ಸಾರ್" ಎಂದಷ್ಟೇ ಹೇಳಿ ಹೋದರು. ಬೈದಿದ್ದರೆ ಅವತ್ತೇ ಮರೆತುಬಿಡುತ್ತಿದ್ದೆ.

ಆ ವಾರ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆಯಲು ಶುರು ಮಾಡಿದೆ. ಎದ್ದದ್ದು ಎಷ್ಟಕ್ಕೆ, ಸ್ನಾನ ಮುಗಿದದ್ದು ಎಷ್ಟಕ್ಕೆ, ತಿಂಡಿ ಮುಗಿದದ್ದು, ಗೇಟು ದಾಟಿದ್ದು. ಮಗು ನಿಧಾನ, ಅದಕ್ಕೇ ತಡ ಎಂದು ನಂಬಿಕೊಂಡಿದ್ದೆ. ಆರು ದಿನ ಬರೆದ ಮೇಲೆ ನೋಡಿದರೆ ಅವಳು ಯೂನಿಫಾರ್ಮ್ ಹಾಕಿ, ತಿಂಡಿ ತಿಂದು 8:02ಕ್ಕೆ ಬಾಗಿಲಲ್ಲಿ ನಿಂತಿರುತ್ತಿದ್ದಳು. ಗೇಟು ದಾಟುತ್ತಿದ್ದದ್ದು 8:14ಕ್ಕೆ. ಆ 12 ನಿಮಿಷದಲ್ಲಿ ಐಡಿ ಕಾರ್ಡು, ಡೈರಿಗೆ ಸೈನು ಎಂದು ಅವಳ ಪಾಲು ಮೂರೋ ನಾಲ್ಕೋ. ಉಳಿದದ್ದೆಲ್ಲ ನನ್ನದು: ಬೀಗದ ಕೈ ಹುಡುಕುವುದು, ಕೆಳಗಿನ ಮನೆಯವರ ಬೈಕು ಸರಿಸಿ ಸ್ಕೂಟರ್ ಹೊರಗೆಳೆಯುವುದು, ನಡುವೆ ಒಂದು ಸಲ ಮೊಬೈಲ್ ನೋಡುವುದು. ಅಮ್ಮ ಕನ್ನಡಕ ಹಾಕಿಕೊಂಡು ಆ ಹಾಳೆ ಓದಿದರು. ಏನೂ ಹೇಳಲಿಲ್ಲ, ನಕ್ಕರು.

ಇನ್ನೊಂದು ಲೆಕ್ಕವನ್ನೂ ಅದೇ ಹಾಳೆಯಲ್ಲಿ ಮಾಡಿದೆ. ರಸ್ತೆ ಪೂರ್ತಿ ಖಾಲಿ ಇದ್ದರೂ ನಾಲ್ಕೂವರೆ ಕಿಲೋಮೀಟರ್‌ಗೆ 40ರ ವೇಗದಲ್ಲಿ ಆರೂಮುಕ್ಕಾಲು ನಿಮಿಷ ಬೇಕು, 30ರಲ್ಲಿ ಒಂಬತ್ತು. ಉಳಿಯುವುದು ಎರಡೂಕಾಲು ನಿಮಿಷ. ಅದನ್ನು ಮುಂದಿನ ಸಿಗ್ನಲ್ಲೇ ನುಂಗಿಹಾಕುತ್ತದೆ. ಆದರೆ 40ರಲ್ಲಿ ಸ್ಕೂಟರ್ ಸೆಕೆಂಡಿಗೆ 11 ಮೀಟರ್ ಓಡುತ್ತದೆ. "ವಾಟರ್ ಬಾಟಲ್ ತಗೊಂಡ್ಯಾ?" ಎಂದು ಎರಡು ಸೆಕೆಂಡ್ ತಿರುಗಿ ನೋಡಿದರೆ 22 ಮೀಟರ್ ದಾರಿ ನೋಡದೇ ಹೋದಂತಾಯಿತು. ಒಂದು ಕಾಲುಚೀಲ ಹುಡುಕಲು ಹೋದ ಹೊತ್ತನ್ನು ರಸ್ತೆಯಲ್ಲಿ ದುಡಿಯಲು ಆಗುವುದೇ ಇಲ್ಲ.

ಆಮೇಲೆ ಮಾಡಿದ್ದೆಲ್ಲ ರಾತ್ರಿಯ ಕೆಲಸ. ಊಟ ಆದ ಕೂಡಲೇ ಡೈರಿಗೆ ಸೈನು. ಮಲಗುವ ಮೊದಲು ಸ್ಕೂಟರನ್ನು ಗೇಟಿಗೆ ಮುಖ ಮಾಡಿ ನಿಲ್ಲಿಸಿ, ಬೀಗದ ಕೈಯನ್ನು ನನ್ನ ಹೆಲ್ಮೆಟ್ಟಿನೊಳಗೆ ಹಾಕಿಡುವುದು. ಪೆಟ್ರೋಲು, ಟೈರಿನ ಗಾಳಿ ಭಾನುವಾರವೇ. ದೋಸೆ ವಾರದ ದಿನಗಳಿಂದ ಹೊರಬಿತ್ತು. ಒಂದೊಂದಾಗಿ ಹುಯ್ದು ಕೊಡುವ ತಿಂಡಿ ಗಡಿಯಾರಕ್ಕೆ ಆಗಿಬರುವುದಿಲ್ಲ. ಉಪ್ಪಿಟ್ಟು, ಚಿತ್ರಾನ್ನ, ಅವಲಕ್ಕಿ ಸಾಕು. ಕಾಲುಚೀಲವನ್ನು ಶೂ ಒಳಗೇ ತುರುಕಿಡುವ ಉಪಾಯ ಮಾತ್ರ ಮೂರನೇ ದಿನಕ್ಕೆ ಮುಗಿಯಿತು. ಜಿರಲೆ ಬಂತು, ಪುಟ್ಟಿ ಕಿರುಚಿದಳು. ಈಗ ಕಾಲುಚೀಲ ಬ್ಯಾಗಿನ ಪಕ್ಕದ ಜೇಬಿನಲ್ಲಿ.

ತುಂಬ ಕಾಡಿದ್ದು ಹೆಲ್ಮೆಟ್ಟು. ನಾಲ್ಕು ವರ್ಷ ದಾಟಿದ ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ 2023ರ ಫೆಬ್ರವರಿ 15ರಿಂದ ಹೆಲ್ಮೆಟ್ ಜೊತೆಗೆ ಸೇಫ್ಟಿ ಹಾರ್ನೆಸ್ ಕೂಡ ಬೇಕು, ವೇಗ 40 ದಾಟಬಾರದು. ಪುಟ್ಟಿಗೆ ಏಳು. ಹುಬ್ಬಿನ ಮೇಲೆ ಟೇಪು ಸುತ್ತಿ ಅಳೆದು, 52 ಸೆಂಟಿಮೀಟರ್‌ಗೆ ಸರಿಹೊಂದುವ, ಐಎಸ್‌ಐ ಗುರುತಿನ ಹೆಲ್ಮೆಟ್ ತಂದಿದ್ದೆ. ಆದರೆ ಸ್ಕೂಲಿನಲ್ಲಿ ಎರಡು ಜಡೆ ಮಡಿಸಿ ರಿಬ್ಬನ್ ಕಟ್ಟಬೇಕೆಂಬ ನಿಯಮ. ಆ ಗಂಟುಗಳ ಮೇಲೆ ಹೆಲ್ಮೆಟ್ ಕೂರದೆ ಎದ್ದು ನಿಲ್ಲುತ್ತಿತ್ತು, ಸ್ಟ್ರ್ಯಾಪು ಹಾಕಲು ಬರುತ್ತಿರಲಿಲ್ಲ. ತಡವಾದ ದಿನ ಹೆಲ್ಮೆಟ್ ನನ್ನ ಕೈಗೇ ತೂಗುಬೀಳುತ್ತಿತ್ತು. ನಾಚಿಕೆಯ ಮಾತು, ಆ ಒನ್‌ವೇ ದಿನವೂ ಹಾಗೇ ಇತ್ತು. ಈಗ ಅಮ್ಮ ಮನೆಯಲ್ಲಿ ಜಡೆ ಹೆಣೆದು ಇಳಿಬಿಡುತ್ತಾರೆ, ಸ್ಕೂಲ್ ಹತ್ತಿರ ಹೆಲ್ಮೆಟ್ ತೆಗೆದ ಮೇಲೆ ಮಡಿಸಿ ರಿಬ್ಬನ್ ಕಟ್ಟುವವನು ನಾನು. ಮೊದಲ ವಾರ ಒಂದು ಜಡೆ ಮೇಲೆ, ಒಂದು ಕೆಳಗೆ. ಆಯಮ್ಮ ಎರಡು ಸಲ ಬಿಚ್ಚಿ ಕಟ್ಟಿ ಕಳಿಸಿದರು.

ಗೇಟಿನವರೆಗೆ ಗಾಡಿ ಒಯ್ಯುವುದನ್ನೂ ಬಿಟ್ಟೆ. ವ್ಯಾನು, ಆಟೋ, ಕಾರು ಎಲ್ಲ ಅಲ್ಲೇ ತಿರುಗಿಸಿಕೊಳ್ಳುತ್ತವೆ, ಮಕ್ಕಳು ಅವುಗಳ ಹಿಂದೆಯೇ ಇಳಿದು ಓಡುತ್ತಾರೆ. ಇನ್ನೂರು ಹೆಜ್ಜೆ ಹಿಂದೆ, ಪಾರ್ಕಿನ ಕಾಂಪೌಂಡ್ ಪಕ್ಕ ಸ್ಕೂಟರ್ ನಿಲ್ಲಿಸಿ ನಡೆಯುತ್ತೇವೆ. ಸ್ಕೂಟರ್ ಮೇಲೆ ಕಿರುಚಿ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಅವಳು ಈಗ ಇಲ್ಲಿ ಕೇಳುತ್ತಾಳೆ.

ಹೊರಡುವ ಹೊತ್ತು 7:58 ಎಂದಾಯಿತು. ವಾರಕ್ಕೆ ಒಂದು ದಿನವಾದರೂ ತಪ್ಪುತ್ತದೆ. ಅದಕ್ಕೊಂದು ಒಪ್ಪಂದ ಮಾಡಿಕೊಂಡಿದ್ದೇವೆ: 8:10 ದಾಟಿದರೆ ಅವಸರ ಇಲ್ಲ, ಅವತ್ತು ಲೇಟೇ. ನಾನೇ ಒಳಗೆ ಬಂದು ರಿಜಿಸ್ಟರಿನಲ್ಲಿ ಸೈನ್ ಹಾಕುತ್ತೇನೆ. ಲೇಟ್ ಎನಿಸಿಕೊಳ್ಳುವ ಭಯ ಅವಳಿಗಿಂತ ನನಗೇ ಜಾಸ್ತಿ ಇತ್ತು ಅಂತ ಆಮೇಲೆ ಗೊತ್ತಾಯಿತು.

ಮೊನ್ನೆ 8:13 ಆಯಿತು. 30ರಲ್ಲೇ ಹೋದೆವು, ಸಿಗ್ನಲ್ಲುಗಳಲ್ಲೆಲ್ಲ ನಿಂತೆವು, ಗೇಟು ಹಾಕಿತ್ತು. ರಿಜಿಸ್ಟರಿನ "ಕಾರಣ" ಎಂಬ ಕಾಲಂನಲ್ಲಿ ಏನು ಬರೆಯಲಿ ಎಂದು ಪುಟ್ಟಿಯ ಮುಖ ನೋಡಿದೆ. "ಇದ್ದದ್ದೇ ಬರಿ ಅಪ್ಪಾ" ಎಂದಳು. "ಶೂ ಒಳಗೆ ಜಿರಲೆ" ಎಂದು ಬರೆದೆ.