ನೆರೆ ಬಂದುಹೋದ ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮೋಟರ್‌ಹೋಮ್ ಪ್ರವಾಸ: ಯೋಜನೆ ಹಾಕುವುದು ಹೇಗೆ

ಬ್ರಿಸ್ಬೇನ್‌ನಿಂದ ಕೇರ್ನ್ಸ್‌ವರೆಗಿನ ಬ್ರೂಸ್ ಹೆದ್ದಾರಿ ಸುಮಾರು 1,680 ಕಿ.ಮೀ. ಊರಿನಿಂದ ಅಪ್ಪ ಅಮ್ಮ ಬಂದಾಗ ಮೋಟರ್‌ಹೋಮ್ (ಒಳಗೇ ಅಡುಗೆಗೆ, ಮಲಗಲು ಜಾಗ ಇರುವ ಗಾಡಿ) ಬಾಡಿಗೆಗೆ ಹಿಡಿದು ಈ ದಾರಿಯಲ್ಲಿ ಹೊರಡುವ ಕನ್ನಡ ಕುಟುಂಬಗಳು ಆಸ್ಟ್ರೇಲಿಯಾದಲ್ಲಿ ಕಡಿಮೆಯೇನಿಲ್ಲ. ಆದರೆ ಟೌನ್ಸ್‌ವಿಲ್‌ನಿಂದ ಮೇಲಿನ ತುಣುಕು ನೆರೆ ಬರುವ ನಾಡು. 2023ರ ಡಿಸೆಂಬರ್‌ನಲ್ಲಿ ಜಾಸ್ಪರ್ ಚಂಡಮಾರುತ ಕೇರ್ನ್ಸ್ ಸುತ್ತಮುತ್ತ ನೆರೆ ತಂದಿತು, ಗುಡ್ಡ ಕುಸಿದು ರಸ್ತೆಗಳು ಮುಚ್ಚಿದವು. 2025ರ ಫೆಬ್ರುವರಿಯಲ್ಲಿ ಹರ್ಬರ್ಟ್ ನದಿ ಉಕ್ಕಿ ಇಂಗಮ್ ಪಟ್ಟಣ ಮುಳುಗಿತು. ಟೌನ್ಸ್‌ವಿಲ್‌ಗೂ ಇಂಗಮ್‌ಗೂ ನಡುವೆ ಒಲೆರಾ ಹಳ್ಳದ ಸೇತುವೆ ಕುಸಿದು ಹೆದ್ದಾರಿಯೇ ಎರಡು ತುಂಡಾಯಿತು.

ಇಂಥ ಕಡೆ ಹೋಗಬಾರದೆಂದಲ್ಲ. ನೆರೆ ಇಳಿದ ಮೇಲೆ ಆ ಊರುಗಳ ಅಂಗಡಿ, ಬೇಕರಿ, ಕ್ಯಾರವಾನ್ ಪಾರ್ಕ್‌ಗಳಿಗೆ (ಇಂಥ ಗಾಡಿ ನಿಲ್ಲಿಸಿ ತಂಗುವ ಜಾಗಗಳು) ಪ್ರವಾಸಿಗರು ಬರಲೇಬೇಕು. ಆದರೆ ಯೋಜನೆಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಹಾಕಬೇಡಿ. ದಿನ ಬೆಳಗಾದರೆ ನಿಮಗೆ ಗೊತ್ತಿರಬೇಕಾದ ಮೊದಲ ಸಂಗತಿ, ಇವತ್ತು ಗಾಡಿ ಹಿಂದೆ ತಿರುಗಿಸಲು ಕೊನೆಯ ಜಾಗ ಎಲ್ಲಿದೆ ಎಂಬುದು.

ಯಾವಾಗ ಹೋಗಬೇಕು

ಅಲ್ಲಿ ಚಂಡಮಾರುತದ ಕಾಲ ನವೆಂಬರ್ 1ರಿಂದ ಏಪ್ರಿಲ್ 30. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಣ ಹವೆ. ಫೆಬ್ರುವರಿಯಲ್ಲಿ ನೆರೆ ಬಂದಿದ್ದರೆ ಜೂನ್ ನಂತರದ ತಾರೀಖು ಇಟ್ಟುಕೊಳ್ಳಿ. ಅಷ್ಟರಲ್ಲಿ ನೀರು ಇಳಿದಿರುತ್ತದೆ ಎನ್ನುವುದಕ್ಕಿಂತ ರಸ್ತೆಯ ಒಳಗಿನ ಮಣ್ಣು ಗಟ್ಟಿಯಾಗಿರುತ್ತದೆ ಎನ್ನುವುದು ಮುಖ್ಯ. ವಾರಗಟ್ಟಲೆ ನೆನೆದ ರಸ್ತೆಯ ಬುಡ ಮೆತ್ತಗಾಗಿರುತ್ತದೆ. ಮೇಲೆ ಡಾಂಬರು ಚೆನ್ನಾಗಿ ಕಂಡರೂ ಭಾರದ ಗಾಡಿ ಹೋದಲ್ಲೆಲ್ಲ ಗಾಲಿಜಾಡು ಕುಸಿದು ಹೊಂಡ ಬೀಳುತ್ತದೆ.

ಟಲ್ಲಿ ಪಟ್ಟಣದಲ್ಲಿ 7.9 ಮೀಟರ್ ಎತ್ತರದ ಗಮ್‌ಬೂಟ್ ಪ್ರತಿಮೆ ಇದೆ. 1950ರಲ್ಲಿ ಅಲ್ಲಿ ಬಿದ್ದ ಮಳೆಯ ಎತ್ತರ ಅದು. ಆಗುಂಬೆಯ ಮಳೆ ಕಂಡವರಿಗೆ ಈ ಅಂಕಿ ಹೊಸದಲ್ಲ. ವ್ಯತ್ಯಾಸವೆಂದರೆ ಘಟ್ಟದಲ್ಲಿ ಬಿದ್ದ ನೀರು ಇಳಿಜಾರು ಹಿಡಿದು ಓಡಿಹೋಗುತ್ತದೆ, ಹರ್ಬರ್ಟ್ ನದಿಯ ಕೆಳಬಯಲಿನ ಕಬ್ಬಿನ ಗದ್ದೆಗಳಲ್ಲಿ ಅದು ದಿನಗಟ್ಟಲೆ ನಿಲ್ಲುತ್ತದೆ. ಮೇಲೆ ಬಿಸಿಲಿದ್ದರೂ ಮುಂದಿನ ರಸ್ತೆ ಮುಳುಗಿರಬಹುದು. ಪಶ್ಚಿಮದ ಒಣ ಬಯಲಲ್ಲಿ ನೆರೆಯ ನೀರು ಇನ್ನೂ ನಿಧಾನವಾಗಿ, ವಾರಗಟ್ಟಲೆ ಇಳಿಯುತ್ತ ಬರುತ್ತದೆ.

ಹತ್ತು ದಿನದ ಪ್ರವಾಸವಾದರೆ ಏಳು ದಿನಕ್ಕಷ್ಟೇ ಜಾಗ ಗೊತ್ತುಮಾಡಿ, ಮೂರು ದಿನ ಖಾಲಿ ಬಿಡಿ. ಗಾಡಿ ಮರಳಿಸುವ ದಿನವೇ ವಿಮಾನದ ಟಿಕೆಟ್ ಮಾಡಿಸಬೇಡಿ. ಕೆಟ್ಟ ರಸ್ತೆಯಲ್ಲಿ ದಿನಕ್ಕೆ 250 ಕಿ.ಮೀ. ಸಾಕು. ಮಧ್ಯಾಹ್ನ ಎರಡರೊಳಗೆ ರಾತ್ರಿಯ ತಂಗುದಾಣ ನಿಕ್ಕಿಯಾಗಿರಲಿ. ಕತ್ತಲಾದ ಮೇಲೆ ಓಡಿಸಬಾರದು: ಹೆಡ್‌ಲೈಟ್ ಬೆಳಕಿನಲ್ಲಿ ಒದ್ದೆ ಡಾಂಬರಿಗೂ ನಿಂತ ನೀರಿಗೂ ವ್ಯತ್ಯಾಸ ಕಾಣುವುದಿಲ್ಲ.

ಬಾಡಿಗೆ ಕರಾರು

ಹೆಚ್ಚಿನ ಕರಾರುಗಳಲ್ಲಿ ನೀರಿಗಿಳಿಸಿದ ಗಾಡಿಗೂ ಮುಚ್ಚಿದ ರಸ್ತೆಯಲ್ಲಿ ಹೋದ ಗಾಡಿಗೂ ವಿಮೆ ಇರುವುದಿಲ್ಲ. ಪೂರ್ತಿ ಹಣ ಕಟ್ಟಿ ಎಕ್ಸೆಸ್ (ಹಾನಿಯಾದರೆ ನಾವೇ ಕೊಡಬೇಕಾದ ಪಾಲು) ಸೊನ್ನೆ ಮಾಡಿಸಿಕೊಂಡವರಿಗೂ ಇದು ಅನ್ವಯಿಸುತ್ತದೆ. ಗಾಡಿಯ ತಳ, ಚಾವಣಿ, ಹೊರಗೆ ಚಾಚುವ ಆವ್ನಿಂಗ್‌ಗೂ ಸಾಮಾನ್ಯವಾಗಿ ಬೇರೆ ಷರತ್ತು. ಮೂರು ಪ್ರಶ್ನೆಗಳನ್ನು ಇಮೇಲ್‌ನಲ್ಲೇ ಕೇಳಿ, ಉತ್ತರವನ್ನು ಇಟ್ಟುಕೊಳ್ಳಿ. ಹೆದ್ದಾರಿ ಮುಚ್ಚಿ ಗಾಡಿ ತಡವಾದರೆ ದಿನಕ್ಕೆಷ್ಟು? ಬೇರೆ ಊರಿನಲ್ಲಿ ಬಿಟ್ಟುಹೋಗಬಹುದೇ, ಅದಕ್ಕೆಷ್ಟು? ಸರ್ಕಾರವೇ ಸೂಚಿಸಿದ ಬದಲಿ ದಾರಿಯಲ್ಲಿ ಡಾಂಬರಿಲ್ಲದ ತುಣುಕಿದ್ದರೆ ಅನುಮತಿ ಇದೆಯೇ?

ಸಾಮಾನ್ಯ ಕಾರಿನ ಲೈಸೆನ್ಸ್‌ನಲ್ಲಿ ಓಡಿಸಬಹುದಾದ ಗಾಡಿಯ ಒಟ್ಟು ತೂಕದ ಮಿತಿ 4.5 ಟನ್. ದೊಡ್ಡ ಮೋಟರ್‌ಹೋಮ್‌ಗಳು ಆ ಗೆರೆಗೆ ತಾಗಿಯೇ ಇರುತ್ತವೆ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಸಾಮಾನೆಲ್ಲ ತುಂಬಿದ ಮೇಲೆ ಒಮ್ಮೆ ತೂಕದ ಕಟ್ಟೆಗೆ ಹತ್ತಿಸಿ. ಹಿಂದಿನ ಆಕ್ಸಲ್ ಭಾರ ಮಿತಿ ಮೀರಿದ್ದರೆ ಹೊಂಡಕ್ಕೆ ಬಿದ್ದಾಗ ಟೈರ್ ಸಿಡಿಯುವುದು ಅಲ್ಲೇ.

ನೀರಿನ ಮುಂದೆ ಗಾಡಿ

ಮೋಟರ್‌ಹೋಮ್ ಎತ್ತರವಾಗಿದೆ, ಭಾರವಾಗಿದೆ, ಹಾಗಾಗಿ ನೀರಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ಬಹಳ ಅಪಾಯದ್ದು. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಲ ಪ್ರಯೋಗಾಲಯ ನಿಜವಾದ ಗಾಡಿಗಳನ್ನೇ ನೀರಿಗಿಳಿಸಿ ನೋಡಿದೆ. ಒಂದು ಟನ್ನಿನ ಸಣ್ಣ ಕಾರು ಸೆಕೆಂಡಿಗೆ 1 ಮೀಟರ್ ಹರಿಯುವ ಬರೀ 15 ಸೆಂ.ಮೀ. ನೀರಿನಲ್ಲಿ ಜರುಗಿತು. ಎರಡೂವರೆ ಟನ್ನಿನ ಫೋರ್ ವೀಲ್ ಡ್ರೈವ್ 45 ಸೆಂ.ಮೀ.ಗೆ ಹಿಡಿತ ತಪ್ಪಿತು, 95 ಸೆಂ.ಮೀ.ಗೆ ಪೂರಾ ತೇಲಿತು. ತೇಲಿದ ಮೇಲೆ ಅದನ್ನು ಕೈಯಲ್ಲೇ ದೂಡಬಹುದಿತ್ತು. ಮೋಟರ್‌ಹೋಮ್‌ನ ತೂಕ ಹೆಚ್ಚು ನಿಜ. ಆದರೆ ಅದರ ಒಳಗಿರುವುದು ಬಹುಪಾಲು ಗಾಳಿ, ಪಕ್ಕದ ಗೋಡೆ ಏಳು ಮೀಟರ್ ಉದ್ದದ ಹಲಗೆ. ಹರಿವು ಆ ಗೋಡೆಗೆ ಬಡಿದರೆ ಗಾಡಿ ಪಕ್ಕಕ್ಕೆ ಜಾರುತ್ತದೆ.

ರಸ್ತೆ ತಗ್ಗಾದಲ್ಲೆಲ್ಲ ಪಕ್ಕದಲ್ಲಿ ಬಿಳಿ ಕಂಬ ನೆಟ್ಟಿರುತ್ತಾರೆ. ಅದರ ಮೇಲೆ ಕೆಳಗಿಂದ ಮೇಲಕ್ಕೆ 0.2, 0.4, 0.6 ಎಂದು ಮೀಟರ್ ಗುರುತು. ನೀರು ಮುಟ್ಟಿದ ಅಂಕಿಯನ್ನು ಆಳ ಎಂದುಕೊಳ್ಳಬಹುದು, ರಸ್ತೆ ಮೊದಲಿದ್ದಂತೆಯೇ ಇದ್ದರೆ. ಕಂದು ನೀರಿನ ಕೆಳಗೆ ಡಾಂಬರು ಕೊಚ್ಚಿಹೋಗಿ ಮೊಣಕಾಲುದ್ದದ ಗುಂಡಿಯಾಗಿದ್ದರೆ ಕಂಬ ಅದನ್ನು ಹೇಳುವುದಿಲ್ಲ. ನಡೆದು ನೋಡಿ ಬರೋಣ ಎನ್ನುವ ಹಾಗೂ ಇಲ್ಲ, ಈ ಭಾಗದ ನದಿ ಹಳ್ಳಗಳಲ್ಲಿ ಮೊಸಳೆಗಳಿವೆ, ನೆರೆಯಲ್ಲಿ ಅವು ಎಲ್ಲಿಗೂ ಬರುತ್ತವೆ.

ಒಂದು ವೇಳೆ ದಾಟಿದರೂ ಗಾಡಿ ಹಾಳಾಗಬಹುದು. ಎಂಜಿನ್ನಿನ ಗಾಳಿಯ ಕೊಳವೆಗೆ ನೀರು ಹೊಕ್ಕರೆ ಪಿಸ್ಟನ್ ಕಚ್ಚಿಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗುವುದರಿಂದಲೇ ಹೆಚ್ಚಿನವು ಕೆಡುವುದು. ನೆಲದ ಪ್ಲೈವುಡ್ ನೀರು ಕುಡಿದರೆ ವಾರ ಕಳೆದು ಉಬ್ಬುತ್ತದೆ. ಸೀಟಿನ ಕೆಳಗಿನ ಬ್ಯಾಟರಿ, ಇನ್ವರ್ಟರ್ ಒದ್ದೆಯಾಗಿದ್ದರೆ ಎಲೆಕ್ಟ್ರಿಷಿಯನ್ ನೋಡುವವರೆಗೆ ಪಾರ್ಕಿನ 240 ವೋಲ್ಟ್ ಕೇಬಲ್ ಚುಚ್ಚಲೇಬಾರದು.

ಆದ್ದರಿಂದ ಇಲ್ಲಿ ಅಳತೆ ಮಾಡಿ ದಾಟುವ ಮಾತಿಲ್ಲ. ರಸ್ತೆಯ ಮೇಲೆ ನೀರಿದ್ದರೆ ತಿರುಗಿಸಿ. ಕಷ್ಟ ಇರುವುದೂ ಅಲ್ಲೇ: ಕಬ್ಬಿನ ಗದ್ದೆಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಏಳು ಮೀಟರ್ ಗಾಡಿ ತಿರುಗಲು ಜಾಗವಿರುವುದಿಲ್ಲ, ಅಂಚಿನ ಮಣ್ಣಿಗೆ ಗಾಲಿ ಇಳಿಸಿದರೆ ಹೂತುಹೋಗುತ್ತದೆ. ಹಿಂದಿನ ರಾತ್ರಿಯೇ ಉಪಗ್ರಹ ನಕ್ಷೆಯಲ್ಲಿ ದಾರಿಯುದ್ದಕ್ಕೂ ಪೆಟ್ರೋಲ್ ಬಂಕು, ಲಾರಿ ನಿಲ್ಲುವ ಡಾಂಬರು ಜಾಗ, ವಿಶ್ರಾಂತಿ ತಾಣಗಳನ್ನು ಗುರುತು ಹಾಕಿ, ನಕ್ಷೆಯನ್ನು ಫೋನಿಗೆ ಇಳಿಸಿಕೊಳ್ಳಿ. ಹೂತೇ ಹೋದರೆ ಆಕ್ಸಲರೇಟರ್ ಒತ್ತಬೇಡಿ. ಗಾಲಿಯ ಮುಂದಿನ ಕೆಸರನ್ನು ಸಲಿಕೆಯಿಂದ ಎಳೆದು, ಪ್ಲಾಸ್ಟಿಕ್ ಟ್ರ್ಯಾಕ್ ಹಲಗೆ ಎರಡನ್ನು ಎಂಜಿನ್ ತಿರುಗಿಸುವ ಗಾಲಿಗಳ ಅಡಿಗೆ ತೂರಿಸಿ, ಎಲ್ಲರನ್ನೂ ಇಳಿಸಿ, ಮೊದಲ ಗೇರಿನಲ್ಲಿ ನಿಧಾನವಾಗಿ ಮೇಲೆ ತನ್ನಿ.

ಬದಲಿ ದಾರಿ

ಟೌನ್ಸ್‌ವಿಲ್‌ನಿಂದ ಕೇರ್ನ್ಸ್‌ಗೆ ಕರಾವಳಿಯಲ್ಲಿ ಸುಮಾರು 350 ಕಿ.ಮೀ. ಅದು ಮುಚ್ಚಿದರೆ ಚಾರ್ಟರ್ಸ್ ಟವರ್ಸ್, ಗ್ರೀನ್‌ವೇಲ್, ಮೌಂಟ್ ಗಾರ್ನೆಟ್, ಆಥರ್ಟನ್ ಮೇಲೆ ಒಳನಾಡಿನ ಸುತ್ತು, ದೂರ ಎರಡು ಪಟ್ಟು. ಬಂಕುಗಳು ವಿರಳ. ಹೆದ್ದಾರಿ ಮುಚ್ಚಿದ ದಿನ ಲಾರಿಗಳೆಲ್ಲ ಅಲ್ಲಿಗೇ ಬರುತ್ತವೆ, ಎರಡು ಮೂರು ಟ್ರೇಲರ್ ಕಟ್ಟಿದ ರೋಡ್ ಟ್ರೇನ್‌ಗಳೂ ಸೇರಿ. ಅವು ಎದುರಾದರೆ ದೂರದಿಂದಲೇ ಗಟ್ಟಿ ನೆಲ ನೋಡಿ ಪಕ್ಕಕ್ಕೆ ನಿಲ್ಲಿಸಿ ದಾರಿ ಬಿಡಿ. ಆಥರ್ಟನ್ ಘಟ್ಟ ಇಳಿಯಲು ಗಿಲ್ಲೀಸ್ ರಸ್ತೆ ಬೇಡ. 19 ಕಿ.ಮೀ.ಯಲ್ಲಿ 263 ತಿರುವು, ಉದ್ದ ಗಾಡಿಗೆ ಹೇಳಿಮಾಡಿಸಿದ್ದಲ್ಲ. ಕುರಾಂಡ ಅಥವಾ ಪಾಮರ್‌ಸ್ಟನ್ ಹೆದ್ದಾರಿ ತೆರೆದಿದೆಯೇ ನೋಡಿ.

ರಸ್ತೆ ಸ್ಥಿತಿಗೆ ಕ್ಯೂಎಲ್‌ಡಿ ಟ್ರಾಫಿಕ್ ಜಾಲತಾಣ ಅಥವಾ 13 19 40. ನದಿ ಮಟ್ಟಕ್ಕೆ ಹವಾಮಾನ ಇಲಾಖೆಯ ನೆರೆ ಎಚ್ಚರಿಕೆ. ನೆರೆಯಲ್ಲಿ ಸಹಾಯಕ್ಕೆ ರಾಜ್ಯದ ತುರ್ತು ಸೇವೆ ಎಸ್‌ಇಎಸ್ 132 500, ಪ್ರಾಣಕ್ಕೆ ಅಪಾಯವಿದ್ದರೆ 000. ಗೂಗಲ್ ನಕ್ಷೆ ರಸ್ತೆ ತೆರೆದಿದೆ ಎಂದರೂ ಸರ್ಕಾರದ ಜಾಲತಾಣ ಮುಚ್ಚಿದೆ ಎಂದರೆ ಮುಚ್ಚಿದೆ ಎಂದೇ ಲೆಕ್ಕ. ಫೋನ್ ಸಿಗದ ಕಡೆ ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಸ್ಥಳೀಯ ರೇಡಿಯೋ ಇರುತ್ತದೆ. ಒಂದು ಫೋನಿನಲ್ಲಾದರೂ ಟೆಲ್‌ಸ್ಟ್ರಾ ಸಿಮ್ ಇರಲಿ, ಊರಿನಾಚೆ ಅದರ ವ್ಯಾಪ್ತಿ ಹೆಚ್ಚು.

ನೀರು, ಗ್ಯಾಸು, ಕರೆಂಟು

ನೆರೆ ಬಂದ ಊರಿನಲ್ಲಿ ನಲ್ಲಿ ನೀರನ್ನು ಕುದಿಸಿಯೇ ಕುಡಿಯಿರಿ ಎಂಬ ಸೂಚನೆ ಇರಬಹುದು. ಅದನ್ನು ನೋಡದೆ ಪಾರ್ಕಿನ ಪೈಪಿನಿಂದ ಟ್ಯಾಂಕ್ ತುಂಬಿಸಿದರೆ ಪ್ರವಾಸ ಮುಗಿಯುವವರೆಗೂ ಆ ನೀರು ಕೊಳವೆಗಳಲ್ಲಿ ಉಳಿಯುತ್ತದೆ. ಕುಡಿಯಲು, ಅಡುಗೆಗೆ ತಲಾ ದಿನಕ್ಕೆ 4 ಲೀಟರ್ ಬೇಕು. ನಾಲ್ಕು ಜನಕ್ಕೆ 20 ಲೀಟರಿನ ಮೂರು ಕ್ಯಾನ್ ಹೆಚ್ಚುಕಡಿಮೆ ನಾಲ್ಕು ದಿನ ಬರುತ್ತದೆ. ಇದನ್ನು ಟ್ಯಾಂಕಿಗೆ ಸುರಿಯದೆ ಬೇರೆಯಾಗಿಯೇ ಇಡಿ. ಟ್ಯಾಂಕ್ ನೀರು ಸ್ನಾನಕ್ಕೆ, ಪಾತ್ರೆಗೆ.

ಟ್ಯಾಂಕ್ ಬಗ್ಗೆ ಸಂಶಯ ಬಂದರೆ ತೊಳೆಯುವ ಕ್ರಮ ಹೀಗೆ. ಫಿಲ್ಟರ್ ಕಳಚಿ, ಗೀಸರ್ ಆರಿಸಿ, ಟ್ಯಾಂಕ್ ಪೂರಾ ಖಾಲಿ ಮಾಡಿ. ಅರ್ಧ ನೀರು ತುಂಬಿ. ವಾಸನೆ ಬೆರೆಸದ 4% ಬ್ಲೀಚನ್ನು 100 ಲೀಟರ್ ಟ್ಯಾಂಕಿಗೆ 125 ಮಿ.ಲೀ. ಲೆಕ್ಕದಲ್ಲಿ ಒಂದು ಬಕೆಟ್ ನೀರಿಗೆ ಕಲಸಿ ಸುರಿಯಿರಿ. ನೇರ ಸುರಿದರೆ ರಬ್ಬರ್ ಸೀಲ್ ಕೆಡುತ್ತದೆ. ಟ್ಯಾಂಕ್ ತುಂಬಿಸಿ, ಅಡುಗೆ ಕಟ್ಟೆ, ಬಚ್ಚಲು, ಹೊರಗಿನ ಶವರ್ ಹೀಗೆ ಒಂದೊಂದೇ ನಲ್ಲಿಯನ್ನು ಕ್ಲೋರಿನ್ ವಾಸನೆ ಬರುವವರೆಗೆ ಬಿಡಿ. ನಾಲ್ಕು ಗಂಟೆ ಬಿಟ್ಟು ಖಾಲಿ ಮಾಡಿ, ಒಳ್ಳೆಯ ನೀರಿನಿಂದ ಎರಡು ಸಲ ತೊಳೆಯಿರಿ. ಕುದಿಸುವ ಸೂಚನೆ ಹಿಂತೆಗೆದ ಮೇಲೂ ಪಾರ್ಕಿನ ನಲ್ಲಿಯನ್ನು ಮೂರು ನಿಮಿಷ ಸುಮ್ಮನೆ ಬಿಟ್ಟು ಆಮೇಲೆ ಪೈಪ್ ಜೋಡಿಸಿ.

ದಿನಕ್ಕೆ ಎರಡು ಹೊತ್ತು ಅನ್ನ ಸಾರು ಮಾಡಿದರೆ 300 ಗ್ರಾಂನಷ್ಟು ಗ್ಯಾಸ್ ಉರಿಯುತ್ತದೆ. 4.5 ಕಿಲೋ ಸಿಲಿಂಡರ್ ಹದಿನೈದು ದಿನಕ್ಕೆ ಸಾಕು, ಕುಕ್ಕರ್ ಇದ್ದರೆ ಇನ್ನೂ ಹೆಚ್ಚು. ಕರೆಂಟಿನ ಲೆಕ್ಕ ಅಷ್ಟು ಸುಲಭವಲ್ಲ. 12 ವೋಲ್ಟ್ ಫ್ರಿಜ್ ಆ ಸೆಕೆಯಲ್ಲಿ ದಿನಕ್ಕೆ 40ರಿಂದ 60 ಆಂಪಿಯರ್ ಅವರ್ ಎಳೆಯುತ್ತದೆ. 100 ಆಂಪಿಯರ್ ಅವರಿನ ಎಜಿಎಂ (ಸೀಸದ) ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಬಹುದಾದ್ದರಿಂದ, ಮೋಡ ಕವಿದು ಸೋಲಾರ್ ಕೈಕೊಟ್ಟರೆ ಒಂದೇ ದಿನಕ್ಕೆ ಮುಗಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಚಿಕ್ಕ ಐಸ್ ಪೆಟ್ಟಿಗೆಯೊಂದು ಬೇರೆ ಇರಲಿ. ಹೊರಡುವಾಗ ಎರಡು ವಾರದ ಮಾತ್ರೆ ಹೆಚ್ಚಿಗೆ ಇಟ್ಟುಕೊಳ್ಳಿ.

ಊರಿಗೆ ಕರೆಂಟ್ ಇಲ್ಲದಿದ್ದರೆ ಡೀಸೆಲ್ ಪಂಪೂ ಓಡುವುದಿಲ್ಲ, ಕಾರ್ಡ್ ಯಂತ್ರವೂ ಓಡುವುದಿಲ್ಲ. ಟ್ಯಾಂಕ್ ಅರ್ಧಕ್ಕಿಳಿಯುವ ಮೊದಲೇ ತುಂಬಿಸುತ್ತ ಹೋಗಿ, 300 ಡಾಲರಿನಷ್ಟು ನಗದು ಇರಲಿ.

ರಾತ್ರಿ ತಂಗುವಾಗ

ಚೆಂದದ ಕ್ಯಾರವಾನ್ ಪಾರ್ಕ್‌ಗಳು ಬಹಳಷ್ಟು ಹೊಳೆಯ ದಂಡೆಯಲ್ಲೇ ಇರುತ್ತವೆ. ಫೋನ್ ಮಾಡಿದಾಗ “ಸೇಫಾ?” ಎಂದು ಕೇಳಿದರೆ ಪ್ರಯೋಜನವಿಲ್ಲ. “ಕಳೆದ ನೆರೆಯಲ್ಲಿ ನೀರು ಎಷ್ಟನೇ ಸೈಟಿನವರೆಗೆ ಬಂದಿತ್ತು?” ಎಂದು ಕೇಳಿ, ಅದಕ್ಕಿಂತ ಮೇಲಿನದನ್ನು ಹಿಡಿಯಿರಿ. ಮನೆ ಕಳೆದುಕೊಂಡವರೂ ರಿಪೇರಿ ಕೆಲಸಗಾರರೂ ತಿಂಗಳುಗಟ್ಟಲೆ ಇದೇ ಪಾರ್ಕ್‌ಗಳಲ್ಲಿ ಇರುತ್ತಾರೆ. ಜಾಗ ಕಡಿಮೆ ಇದೆ ಎಂದರೆ ಒತ್ತಾಯಿಸದೆ ಮುಂದಿನ ಊರು ನೋಡಿ. ಹೊರಗೆ ಉಳಿಯುವುದಾದರೆ ನೀರಿನಿಂದ ಕನಿಷ್ಠ 50 ಮೀಟರ್ ದೂರ.

ಗಾಡಿಯ ಮೂತಿ ಹೊರದಾರಿಯ ಕಡೆಗಿರಲಿ, ಆವ್ನಿಂಗ್ ಮಡಚಿರಲಿ. ರಾತ್ರಿ ನೀರು ಏರತೊಡಗಿದರೆ ಗ್ಯಾಸ್ ಮುಚ್ಚಿ, ಕರೆಂಟ್ ಕಂಬದ ಬುಡ ಒಣಗಿದ್ದರೆ ಮಾತ್ರ ಕೇಬಲ್ ಕಿತ್ತು, ಪೈಪು ಕುರ್ಚಿ ಎಲ್ಲ ಅಲ್ಲೇ ಬಿಟ್ಟು ಹೊರಡಿ. ಗೇಟಿನ ಹತ್ತಿರ ನೀರು ಬಂದಾಗಿದ್ದರೆ ಗಾಡಿಯನ್ನು ಬಿಟ್ಟು ಜನ ಮಾತ್ರ ಎತ್ತರದ ಜಾಗಕ್ಕೆ ಹೋಗಬೇಕು.

ಊರಿನವರ ನಡುವೆ

ಹೊರಡುವ ಮುನ್ನ ಆ ಊರಿನ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ, ಪ್ರವಾಸಿಗರು ಬರಬಹುದೇ ಎಂದು ಕೇಳಿ. ಅಂಗಡಿಗೆ ಸರಕು ಬರದ ದಿನಗಳಲ್ಲಿ ಅಕ್ಕಿ ಬೇಳೆ ತರಕಾರಿ ನಿಮ್ಮದೇ ಇರಲಿ. ಸರಕು ಬಂದ ಮೇಲೆ ಡೀಸೆಲ್ಲಿನಿಂದ ಹಿಡಿದು ಬ್ರೆಡ್ಡಿನವರೆಗೆ ಅಲ್ಲೇ ಕೊಳ್ಳಿ. ಮನೆಗಳ ಮುಂದೆ ನೆನೆದ ಹಾಸಿಗೆ, ಫ್ರಿಜ್, ಆಲ್ಬಮ್ಮು ರಾಶಿ ಬಿದ್ದಿರುತ್ತವೆ, ಅವುಗಳ ಫೋಟೋ ತೆಗೆಯಬೇಡಿ. ಹಳೆ ಬಟ್ಟೆ ಹೊತ್ತುಕೊಂಡು ಹೋಗಬೇಡಿ, ಅದನ್ನು ವಿಂಗಡಿಸುವ ಕೆಲಸವೂ ಅವರ ಮೇಲೇ ಬೀಳುತ್ತದೆ. ಕೊಡುವ ಮನಸ್ಸಿದ್ದರೆ ಗಿವಿಟ್ ಸಂಸ್ಥೆಯ ಮೂಲಕ ಹಣ ಕೊಡಿ. ಶೌಚದ ಕ್ಯಾಸೆಟ್ ಖಾಲಿ ಮಾಡುವ ಡಂಪ್ ಪಾಯಿಂಟ್ ಕೆಲಸ ಮಾಡುತ್ತಿದೆಯೇ ಎಂದು ಮೊದಲೇ ವಿಚಾರಿಸಿ. ಊರಿನ ಪಂಪುಗಳಿಗೆ ಕರೆಂಟಿಲ್ಲದಾಗ ಅಲ್ಲಿ ಸುರಿದದ್ದು ಬೇರೊಬ್ಬರ ಅಂಗಳದಲ್ಲಿ ಉಕ್ಕಬಹುದು.

ಕೆಸರು ಮತ್ತು ಜ್ವರ

ಉತ್ತರ ಕ್ವೀನ್ಸ್‌ಲ್ಯಾಂಡ್‌ನ ಮಣ್ಣಿನಲ್ಲಿ ಮೆಲಿಯಾಯ್ಡೋಸಿಸ್ ರೋಗದ ಬ್ಯಾಕ್ಟೀರಿಯ ಇದೆ. ಜೋರು ಮಳೆಯಾದಾಗ ಅದು ಮೇಲೆ ಬರುತ್ತದೆ. 2025ರ ಮಳೆಗಾಲದಲ್ಲಿ ಕೇರ್ನ್ಸ್, ಟೌನ್ಸ್‌ವಿಲ್ ಕಡೆ ಈ ರೋಗ ಹೆಚ್ಚಿ ಜನ ಸತ್ತರು. ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಬಹಳ ಹೆಚ್ಚು, ಹಾಗಾಗಿ ಅಪ್ಪ ಅಮ್ಮನ ಜೊತೆ ಹೋಗುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬರಿಗಾಲು, ಚಪ್ಪಲಿ ಬೇಡ, ಮುಚ್ಚಿದ ಬೂಟು ಬೇಕು. ಗಾಯಕ್ಕೆ ನೀರು ಹೋಗದ ಪಟ್ಟಿ, ಕೆಸರು ಮುಟ್ಟುವಾಗ ಕೈಗವಸು. ಗಾಡಿಯ ಮೆಟ್ಟಿಲಲ್ಲಿ ಸಾಬೂನು ನೀರಿನ ಟಬ್ ಇಟ್ಟು ಬೂಟುಗಳನ್ನು ಹೊರಗೇ ಬಿಡಿ. ಪ್ರೆಶರ್ ವಾಷರ್‌ನಿಂದ ಗಾಡಿಯ ತಳ ತೊಳೆಯುವಾಗ ಕೆಸರು ಹನಿಯಾಗಿ ಉಸಿರಿಗೆ ಹೋಗುತ್ತದೆ, ಮಾಸ್ಕ್ ಕಟ್ಟಿಕೊಳ್ಳಿ.

ಮೂರು ವಾರದೊಳಗೆ ಜ್ವರ, ಕೆಮ್ಮು, ಮಾಯದ ಹುಣ್ಣು ಕಂಡರೆ ವೈದ್ಯರಿಗೆ ಉತ್ತರ ಕ್ವೀನ್ಸ್‌ಲ್ಯಾಂಡ್‌ನ ನೆರೆಯ ಕೆಸರಿನಲ್ಲಿ ಓಡಾಡಿದ್ದೆವು ಎಂದು ಮೊದಲ ಮಾತಿಗೇ ಹೇಳಿ. ಅಷ್ಟರಲ್ಲಿ ಅಪ್ಪ ಅಮ್ಮ ಊರಿಗೆ ಮರಳಿದ್ದರೆ ಅಲ್ಲಿನ ವೈದ್ಯರಿಗೂ ಇದನ್ನೇ ಹೇಳಬೇಕು. ನಮ್ಮ ಕರಾವಳಿಯಲ್ಲೂ ಈ ರೋಗ ಇದೆ, ಆದರೆ ಸಾಮಾನ್ಯ ಜ್ವರ, ಕ್ಷಯ ಎಂದುಕೊಂಡು ದಿನ ಕಳೆದುಹೋಗುವುದುಂಟು. ರಕ್ತದ ಕಲ್ಚರ್ (ರಕ್ತದಲ್ಲಿನ ಬ್ಯಾಕ್ಟೀರಿಯ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲು ಕೇಳಿ.