ಹಳೆಯ ಪೈಪುಗಳ ಸಂಗ್ರಹ: ಕಥೆ ಕೇಳುವ ಮೊದಲು ಕೊಳವೆಯ ತೂತು ನೋಡಿ

ಕಾಸರಗೋಡಿನ ತೋಟದ ಮನೆಗಳ ಅಟ್ಟ ಹುಡುಕಿದರೆ ಹಿತ್ತಾಳೆಯ ಹರಿವಾಣ, ಅಡಕತ್ತರಿ, ಸುಣ್ಣದ ಡಬ್ಬಿ, ಪೀಕದಾನಿಗಳು ಬೇಕಾದಷ್ಟು ಸಿಗುತ್ತವೆ. ಹೊಗೆ ಸೇದುವ ಪೈಪು ಸಿಗುವುದು ಅಪರೂಪ. ಬೇಕಲ, ಪಳ್ಳಿಕ್ಕೆರೆಗಳ ಮರಳುಮಣ್ಣಿನಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರೂ ನಮ್ಮ ಹಿರಿಯರಲ್ಲಿ ಹೆಚ್ಚಿನವರು ಅದನ್ನು ವೀಳ್ಯದೊಂದಿಗೆ ಜಗಿಯುತ್ತಿದ್ದರು. ಆದುದರಿಂದ ಈ ಭಾಗದಲ್ಲಿ ಪೈಪೊಂದು ಕಣ್ಣಿಗೆ ಬಿದ್ದರೆ, ಅದು ಹಡಗಿನಲ್ಲೋ, ದಂಡಿನೊಡನೆಯೋ, ಸೇನೆಯಲ್ಲಿ ದುಡಿದು ಊರಿಗೆ ಮರಳಿದವರ ಪೆಟ್ಟಿಗೆಯಲ್ಲೋ ಬಂದದ್ದೆಂದು ಊಹಿಸಿಕೊಂಡು ಹೊರಡಬಹುದು. ಮಾರುವವರಿಗೂ ಇದು ಗೊತ್ತಿರುವುದರಿಂದ ಅವರ ಬಾಯಲ್ಲಿ ಪ್ರತಿಯೊಂದು ಪೈಪೂ ಟಿಪ್ಪುವಿನ ಕಾಲದ್ದಾಗಿರುತ್ತದೆ.

ಹಲವು ವರ್ಷಗಳ ಹಿಂದೆ ಒಂದು ಗುಜರಿ ಅಂಗಡಿಯಲ್ಲಿ "ಬಿಳಿ ಸಿಪಾಯಿಯದ್ದು, ಶ್ರೀರಂಗಪಟ್ಟಣದ ಯುದ್ಧದ್ದು" ಎಂಬ ಮಾತನ್ನು ನಂಬಿ ಒಂದು ಬಿಳಿಮಣ್ಣಿನ ಪೈಪಿಗೆ ನಾನು 1,500 ರೂಪಾಯಿ ಕೊಟ್ಟೆ. ಮನೆಗೆ ತಂದು ಮೆತ್ತನೆಯ ಬ್ರಷ್ಷಿನಿಂದ ಮಣ್ಣು ತೆಗೆದಾಗ ಕೊಳವೆಯ ಒಂದು ಮಗ್ಗುಲಲ್ಲಿ 'ಮೆಕ್‌ಡೂಗಲ್, ಗ್ಲಾಸ್ಗೋ' ಎಂದೂ ಇನ್ನೊಂದು ಮಗ್ಗುಲಲ್ಲಿ 'ಸ್ಕಾಟ್ಲೆಂಡ್' ಎಂದೂ ಅಚ್ಚೊತ್ತಿದ ಅಕ್ಷರಗಳು ಕಾಣಿಸಿಕೊಂಡವು. ಆ ಕಾರ್ಖಾನೆ ಹುಟ್ಟಿದ್ದೇ 1846ರಲ್ಲಿ, ಮುಚ್ಚಿದ್ದು 1967ರಲ್ಲಿ. ಆಮದು ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂಬ ಅಮೆರಿಕದ ಸುಂಕದ ಕಾನೂನು 1891ರಲ್ಲಿ ಜಾರಿಗೆ ಬಂದ ಮೇಲೆ ಇಂಥ ಪೈಪುಗಳಲ್ಲಿ ದೇಶದ ಹೆಸರು ಸಾಮಾನ್ಯವಾಯಿತು. ಟಿಪ್ಪು ಮಡಿದದ್ದು 1799ರಲ್ಲಿ. ಪೈಪಿನಲ್ಲಿ ಯಾವ ದೋಷವೂ ಇರಲಿಲ್ಲ. ಓದಿ ನೋಡದೆ ಹಣ ಕೊಟ್ಟದ್ದು ನನ್ನ ದೋಷ.

ಅಂದಿನಿಂದ ನಾನು ಚೀಲದಲ್ಲಿ ಒಂದು ಭೂತಗನ್ನಡಿಯನ್ನೂ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನಾಲ್ಕೈದು ಸಣ್ಣ ಡ್ರಿಲ್ ಬಿಟ್ಟುಗಳನ್ನೂ ಇಟ್ಟುಕೊಳ್ಳುತ್ತೇನೆ. ಇಂಗ್ಲೆಂಡಿನ ಮಣ್ಣಿನ ಪೈಪುಗಳ ಕೊಳವೆ ಕಾಲಕ್ರಮದಲ್ಲಿ ಉದ್ದವಾಗುತ್ತ, ಒಳಗಿನ ತೂತು ಕಿರಿದಾಗುತ್ತ ಬಂತು. ಅಮೆರಿಕದ ಪುರಾತತ್ತ್ವಜ್ಞ ಜೆ. ಸಿ. ಹ್ಯಾರಿಂಗ್ಟನ್ 1954ರಲ್ಲಿ ಈ ಬದಲಾವಣೆಗೆ ಒಂದು ಕೋಷ್ಟಕವನ್ನೇ ಮಾಡಿದರು. ಅವರು ಅಂಗುಲದ 64ನೆಯ ಭಾಗಗಳಲ್ಲಿ ಕೊಟ್ಟ ಅಳತೆಯನ್ನು ಮಿಲಿಮೀಟರಿಗೆ ಇಳಿಸಿದರೆ, 1620–1650ರ ಪೈಪುಗಳಲ್ಲಿ ಸುಮಾರು 3.2, 1680–1710ರಲ್ಲಿ 2.4, 1750–1800ರಲ್ಲಿ 1.6 ಬರುತ್ತದೆ. ಬಿಟ್ಟಿನ ಮೊಂಡು ತುದಿಯನ್ನು ಮುರಿದ ಕಡೆಯಿಂದ ಮೆಲ್ಲಗೆ ತೂರಿಸಿ, ಒತ್ತದೆ, ಯಾವುದು ಸರಿಯಾಗಿ ಕೂರುತ್ತದೆಂದು ನೋಡಬೇಕು. ಈ ಲೆಕ್ಕ ರಾಶಿಗಟ್ಟಲೆ ತುಂಡುಗಳಿಗೆ ಚೆನ್ನಾಗಿ ಹೊಂದುತ್ತದೆ, ಒಂಟಿ ತುಂಡಿಗೆ ಅಷ್ಟಾಗಿ ಹೊಂದುವುದಿಲ್ಲ. 1800ರ ಈಚಿನವುಗಳಿಗೆ ಇದನ್ನು ಹಿಡಿದು ಕೂರುವುದರಲ್ಲಿ ಅರ್ಥವಿಲ್ಲ. ಕಿರಿದಾದ ತೂತು ಇದ್ದಮಾತ್ರಕ್ಕೆ ಪೈಪು ಮೈಸೂರು ಯುದ್ಧದ ಕಾಲದ್ದೆಂದು ಸಾಬೀತಾಗುವುದಿಲ್ಲ, ಆದರೆ 3 ಮಿಲಿಮೀಟರಿನ ತೂತಿರುವ ಇಂಗ್ಲಿಷ್ ಪೈಪನ್ನು ಆ ಯುದ್ಧದ್ದೆಂದು ಯಾರಾದರೂ ಹೇಳಿದರೆ ಅನುಮಾನಪಡಬೇಕು.

ನಮ್ಮ ಕರಾವಳಿಯಲ್ಲಿ ಡಚ್ಚರ ಪೈಪಿನ ಸಾಧ್ಯತೆಯನ್ನು ಮರೆಯಬಾರದು. ಕಣ್ಣೂರಿನ ಕೋಟೆ 1663ರಿಂದ ಒಂದು ಶತಮಾನಕ್ಕೂ ಮಿಕ್ಕಿ ಅವರ ಕೈಯಲ್ಲಿತ್ತು. ಹಾಲೆಂಡಿನ ಪೈಪುಗಳ ತವರು ಗೌಡಾ ಎಂಬ ಪಟ್ಟಣ (ನಮ್ಮ ಗೌಡರಿಗೂ ಅದಕ್ಕೂ ಸಂಬಂಧವಿಲ್ಲ). ಅಲ್ಲಿಗೆ ಈ ಕಸುಬನ್ನು ತಂದವರಲ್ಲಿ ಡಚ್ ಸೇನೆಯಲ್ಲಿ ಸಂಬಳಕ್ಕೆ ಕಾದಾಡಲು ಬಂದ ಇಂಗ್ಲಿಷ್ ಸಿಪಾಯಿಗಳೂ ಇದ್ದರು. ಹೊಗೆಸೊಪ್ಪು ತುಂಬುವ ಬಟ್ಟಲಿನ ಅಡಿಯಲ್ಲಿರುವ ಪುಟ್ಟ ಹಿಮ್ಮಡಿಯ ತಳದಲ್ಲಿ ತಯಾರಕನ ಗುರುತನ್ನೂ, ಅದರ ಪಕ್ಕದಲ್ಲಿ ಪಟ್ಟಣದ ಲಾಂಛನವನ್ನೂ ಹುಡುಕಿರಿ. ಲಾಂಛನವಿದ್ದರೆ ಪೈಪು 1740ರ ಸುಮಾರಿಗಿಂತ ಹಿಂದಿನದಲ್ಲ.

ಇಷ್ಟು ಓದಿ ಯಾರೂ ಗುದ್ದಲಿ ಹಿಡಿದು ಬೇಕಲ ಕೋಟೆಗೆ ಹೋಗಬಾರದು. ಅದು ಭಾರತೀಯ ಪುರಾತತ್ತ್ವ ಸರ್ವೇಕ್ಷಣದ ರಕ್ಷಣೆಯಲ್ಲಿರುವ ಸ್ಮಾರಕ; ಅಲ್ಲಿ ಅಗೆಯುವುದು ಅಪರಾಧ. 1972ರ ಪ್ರಾಚ್ಯವಸ್ತು ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ, ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಆನೆದಂತದ ತುದಿಯಿರುವ ಪೈಪನ್ನಂತೂ ಮುಟ್ಟಲೇಬೇಡಿ.

ಸೈನಿಕ ಇತಿಹಾಸದ ದೃಷ್ಟಿಯಿಂದ ನನಗೆ ಅತ್ಯಂತ ಪ್ರಿಯವಾದವು ಜರ್ಮನ್ ಸಾಮ್ರಾಜ್ಯದ ಸೈನಿಕರು ಸೇವಾವಧಿ ಮುಗಿಸಿ ಮನೆಗೆ ಹೊರಡುವಾಗ ನೆನಪಿಗೆಂದು ಮಾಡಿಸಿಕೊಳ್ಳುತ್ತಿದ್ದ ಪಿಂಗಾಣಿ ಪೈಪುಗಳು. ಬಟ್ಟಲಿನ ಮೇಲೆ ಕುದುರೆ ಸವಾರನದೋ ಪದಾತಿಯದೋ ಬಣ್ಣದ ಚಿತ್ರ, ರೆಜಿಮೆಂಟಿನ ಸಂಖ್ಯೆ, ಊರು, ಸೇವೆಯ ವರ್ಷಗಳು, ಒಡೆಯನ ಹೆಸರು, ಎಷ್ಟೋ ಸಲ ಜೊತೆಗಾರರ ಹೆಸರುಗಳ ಸಾಲು ಕೂಡ ಇರುತ್ತದೆ. ಇಷ್ಟೆಲ್ಲ ಬರೆದಿರುವುದರಿಂದಲೇ ನಕಲಿ ಮಾಡುವವನು ಸಿಕ್ಕಿಬೀಳುತ್ತಾನೆ. 1893ರಲ್ಲಿ ಜರ್ಮನಿಯು ಪದಾತಿ ದಳದ ಕಡ್ಡಾಯ ಸೇವೆಯನ್ನು ಎರಡು ವರ್ಷಕ್ಕೆ ಇಳಿಸಿತು, ಅಶ್ವದಳಕ್ಕೆ ಮೂರು ವರ್ಷವೇ ಉಳಿಯಿತು. ಹೀಗಾಗಿ ಪದಾತಿಯ ಪೈಪಿನಲ್ಲಿ 1905–1907 ಎಂದಿದ್ದರೆ ಸರಿ. ಅಶ್ವದಳದ ಪೈಪಿನಲ್ಲಿಯೂ ಅದೇ ವರ್ಷಗಳಿದ್ದರೆ ಇನ್ನೊಮ್ಮೆ ಯೋಚಿಸಬೇಕು. ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡುವಾಗ ಪತ್ರಿಕೆಯ ಫೋಟೋದಲ್ಲಿರುವಂಥ ಸಣ್ಣ ಸಣ್ಣ ಚುಕ್ಕಿಗಳು ಕಂಡರೆ ಅದು ಈಚಿನ ಮುದ್ರಣ. ರೇಖೆಗಳು ಅಚ್ಚಿನವಾಗಿದ್ದು ಒಳಗಿನ ಬಣ್ಣ ಕೈಯಿಂದ ತುಂಬಿದ್ದಾದರೆ ಹೆದರಬೇಕಿಲ್ಲ, ಅಸಲಿನಲ್ಲಿಯೂ ಹಾಗೆಯೇ ಇರುತ್ತದೆ.

ಮರದ ಪೈಪುಗಳು ಬಹುಮಟ್ಟಿಗೆ ಬ್ರಯರ್ ಎಂಬ ಪೊದೆಯ ಬೇರುಗಂಟಿನಿಂದ ಮಾಡಿದವು. ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದಲ್ಲಿ 1850ರ ದಶಕದಲ್ಲಿ ಈ ಕಸುಬು ಬೆಳೆಯಿತು. ಹಾಗಾಗಿ ಬ್ರಯರ್ ಪೈಪನ್ನು ಅದಕ್ಕೂ ಹಿಂದಿನ ಯಾವ ಯುದ್ಧಕ್ಕೂ ಜೋಡಿಸಲಾಗದು. ಇಂಗ್ಲೆಂಡಿನದಾದರೆ ಬೆಳ್ಳಿಯ ಪಟ್ಟಿಯ ಮೇಲಿನ ಮುದ್ರೆಗಳನ್ನು ಓದಿರಿ: ನಡೆಯುವ ಸಿಂಹ ಬೆಳ್ಳಿಯ ಶುದ್ಧತೆಗೆ, ಲಂಗರು ಬರ್ಮಿಂಗ್‌ಹ್ಯಾಮಿಗೆ, ಚಿರತೆಯ ತಲೆ ಲಂಡನ್ನಿಗೆ, ಒಂಟಿ ಅಕ್ಷರ ವರ್ಷಕ್ಕೆ.

ಮೊದಲ ಮಹಾಯುದ್ಧದ ಪೈಪಿನೊಂದಿಗೆ 1914ರ ಕ್ರಿಸ್‌ಮಸ್ಸಿಗೆ ಬ್ರಿಟನ್ನಿನ ರಾಜಕುಮಾರಿ ಮೇರಿಯ ಹೆಸರಿನಲ್ಲಿ ಸಿಪಾಯಿಗಳಿಗೆ ಹಂಚಿದ ಹಿತ್ತಾಳೆಯ ಡಬ್ಬಿಯನ್ನೂ ಜೋಡಿ ಮಾಡಿ ಮಾರುವುದುಂಟು. ಹೊಗೆ ಸೇದುವ ಬ್ರಿಟಿಷ್ ಸಿಪಾಯಿಗೆ ಆ ಉಡುಗೊರೆಯಲ್ಲಿ ಪೈಪು, ತಂಬಾಕು, ಸಿಗರೇಟು ಸಿಕ್ಕವು; ಸಿಖ್ಖರಿಗೆ ಕಲ್ಲುಸಕ್ಕರೆ ಮತ್ತು ಮಸಾಲೆಯ ಡಬ್ಬಿ, ಗೂರ್ಖರಿಗೆ ಬ್ರಿಟಿಷರಿಗೆ ಕೊಟ್ಟದ್ದೇ, ಉಳಿದ ಭಾರತೀಯರಿಗೆ ಸಿಗರೇಟಿನೊಡನೆ ಕಲ್ಲುಸಕ್ಕರೆ, ಮಸಾಲೆ. ಆದ್ದರಿಂದ ಸಿಖ್ ಸಿಪಾಯಿಗೆ ಸಿಕ್ಕ ಡಬ್ಬಿ ಮತ್ತು ಪೈಪು ಎಂದು ಯಾರಾದರೂ ತಂದರೆ ಡಬ್ಬಿ ನಿಜವಿರಬಹುದು, ಪೈಪು ಆಮೇಲೆ ಸೇರಿಕೊಂಡದ್ದು.

ಇನ್ನು ಜೋಪಾನ. ನಮ್ಮ ಆಟಿ ತಿಂಗಳ ಮಳೆಯಲ್ಲಿ ಮರದ ಪೈಪು ಎರಡೇ ವಾರದಲ್ಲಿ ಬೂಸಲು ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟುವುದಕ್ಕಿಂತ ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಳವಿರುವ ಡಬ್ಬಿಯಲ್ಲಿಟ್ಟು, ಬಿಸಿಲು ಬಿದ್ದ ದಿನ ನೆರಳಿನಲ್ಲಿ ಗಾಳಿಗೆ ತೆರೆದಿಡುವುದು ಒಳ್ಳೆಯದು. ಕಪ್ಪು ರಬ್ಬರಿನ ಕಚ್ಚುವ ತುದಿ ಬೆಳಕಿಗೆ ಹಸಿರುಗಂದು ಬಣ್ಣಕ್ಕೆ ತಿರುಗುತ್ತದೆ, ಅದರಲ್ಲಿರುವ ಗಂಧಕವು ಹತ್ತಿರದ ಬೆಳ್ಳಿಯನ್ನೂ ಕಪ್ಪಾಗಿಸುತ್ತದೆ. ಸಾಧ್ಯವಾದರೆ ಬೇರೆಬೇರೆಯಾಗಿ ಇಡಿ. ಮೀರ್‌ಶಾಮ್ ಎಂಬ ಹಗುರವಾದ ಬಿಳಿ ಖನಿಜದ ಪೈಪನ್ನು ನೀರಿಗೆ ಹಾಕಲೇಬಾರದು.

ಪ್ರತಿಯೊಂದು ಪೈಪಿಗೂ ಒಂದು ಚೀಟಿ ಬರೆದು, ಎಡಭಾಗದಲ್ಲಿ ಅಳತೆ, ಗುರುತು, ಸಿಕ್ಕ ಸ್ಥಳ, ಬೆಲೆಗಳನ್ನೂ ಬಲಭಾಗದಲ್ಲಿ ಮಾರಿದವನು ಹೇಳಿದ್ದನ್ನೂ ಪೆನ್ಸಿಲಿನಲ್ಲಿ ಬರೆಯಿರಿ. ನನ್ನ ಗ್ಲಾಸ್ಗೋ ಪೈಪಿನ ಚೀಟಿಯ ಬಲಭಾಗದಲ್ಲಿ ಶ್ರೀರಂಗಪಟ್ಟಣದ ಯುದ್ಧ ಇಂದಿಗೂ ಇದೆ. ಅದನ್ನು ನಾನು ಅಳಿಸಿಲ್ಲ.