ಮುಂದಿನ ಎಲೆ ಗೊತ್ತಿದ್ದರೆ ಲಾಭವೆಷ್ಟು? ಹುಣಸೆ ಬೀಜ ಇಟ್ಟು ಅಳೆಯಿರಿ

ಬ್ಲ್ಯಾಕ್‌ಜಾಕ್ ಆಟದಲ್ಲಿ ಮುಂದೆ ಬರುವ ಎಲೆ ಯಾವುದೆಂದು ತಿಳಿದವನು ಗೆದ್ದೇ ಗೆಲ್ಲುತ್ತಾನೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಲೆಕ್ಕಕ್ಕೆ ಕೂತಾಗ ಹಾಗೆ ಕಾಣುವುದಿಲ್ಲ. ಎಲೆ ತಿಳಿದ ಮೇಲೆ ನೀವು ಏನನ್ನು ಬದಲಿಸಬಲ್ಲಿರಿ, ಪಣವನ್ನೋ ನಿರ್ಧಾರವನ್ನೋ, ಎಂಬುದರ ಮೇಲೆ ಆ ತಿಳಿವಳಿಕೆಯ ಬೆಲೆ ನಿಂತಿದೆ. ಇದನ್ನು ಮನೆಯಲ್ಲೇ ಅಳೆಯಬಹುದು. ಒಂದು ಇಸ್ಪೀಟು ಕಟ್ಟು, ಒಂದು ನೋಟ್‌ಬುಕ್, ಒಂದು ಬಟ್ಟಲು ಹುಣಸೆ ಬೀಜ ಇದ್ದರೆ ಸಾಕು. ದುಡ್ಡು ಬೇಡ.

ನಿಯಮ ಗೊತ್ತಿಲ್ಲದವರಿಗೆ ಒಂದೆರಡು ಮಾತು. ರಾಜ, ರಾಣಿ, ಗುಲಾಮ ಮೂರಕ್ಕೂ ಬೆಲೆ 10. ಎಕ್ಕಕ್ಕೆ 1 ಅಥವಾ 11. ಮೊತ್ತ 21ರ ಹತ್ತಿರ ಬರಬೇಕು, ದಾಟಿದರೆ ಸೋಲು. ಮೊದಲು ಆಟಗಾರ ಆಡುತ್ತಾನೆ, ಆಮೇಲೆ ಡೀಲರ್, ಅಂದರೆ ಎಲೆ ಹಂಚುವವನು. 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಡೀಲರ್ ಎಲೆ ಎಳೆಯಲೇಬೇಕು, 17 ಆದರೆ ನಿಲ್ಲಬೇಕು. ಎಕ್ಕ ಮತ್ತು ಹತ್ತರ ಬೆಲೆಯ ಎಲೆ ಮೊದಲ ಎರಡರಲ್ಲೇ ಜೊತೆಯಾದರೆ ಅದೇ ಬ್ಲ್ಯಾಕ್‌ಜಾಕ್. ಅದಕ್ಕೆ ಪಣದ ಒಂದೂವರೆ ಪಟ್ಟು ಸಿಗುತ್ತದೆ.

ಈಗ ಮೊದಲ ಹೆಜ್ಜೆ. ನಿಮ್ಮ ಮುಂದೆ ಒಂದು ಹತ್ತು, ಒಂದು ಆರು ಇಡಿ. ಡೀಲರ್ ಮುಂದೆ ಒಂದು ಹತ್ತು ತೆರೆದಿಡಿ. ಉಳಿದ 49 ಎಲೆಗಳನ್ನು ಚೆನ್ನಾಗಿ ಕಲಸಿ, ಡೀಲರ್‌ಗೆ ಒಂದನ್ನು ಮುಚ್ಚಿ ಹಾಕಿ. ಆ ಎಲೆ ಎಕ್ಕವೆಂದು ಕೊನೆಯಲ್ಲಿ ಕಂಡರೆ ಅದು ಡೀಲರ್‌ನ ಬ್ಲ್ಯಾಕ್‌ಜಾಕ್, ಆ ಕೈಯನ್ನು ಲೆಕ್ಕಕ್ಕೆ ಹಿಡಿಯದೆ ಮತ್ತೆ ಕಲಸಿ. ಹತ್ತರ ಎದುರು ಹದಿನಾರು ಎನ್ನುವುದು ಈ ಆಟದ ಅತಿ ಕೆಟ್ಟ ಪರಿಸ್ಥಿತಿಗಳಲ್ಲೊಂದು. ಎಳೆದರೂ ನಿಂತರೂ ರೂಪಾಯಿಗೆ ಸುಮಾರು 54 ಪೈಸೆ ಸೋಲು. ಅದಕ್ಕಾಗಿಯೇ ಇದನ್ನು ಆರಿಸಿಕೊಂಡೆ.

ಎಲೆ ನೋಡದೆ, ಎಳೆಯದೆ ನಿಂತು, ಹೀಗೆ ನೂರು ಕೈ ಆಡಿ. ಪ್ರತಿ ಕೈಗೂ ಒಂದು ಬೀಜ ಪಣ. ಕೊನೆಗೆ ಸುಮಾರು 54 ಬೀಜ ಕಳೆದುಕೊಂಡಿರುತ್ತೀರಿ. ಒಂದೇ ಕಟ್ಟಾದ್ದರಿಂದಲೂ ಅದೃಷ್ಟದ ಏರಿಳಿತದಿಂದಲೂ ಎಂಟು ಹತ್ತು ಬೀಜ ಅತ್ತಿತ್ತ ಆಗುವುದು ಸಹಜ.

ಇನ್ನು ನೂರು ಕೈ. ಈ ಸಲ ನಿರ್ಧರಿಸುವ ಮೊದಲು ಕಟ್ಟಿನ ಮೇಲಿನ ಎಲೆಯನ್ನು ಎತ್ತಿ ನೋಡಿ ಅಲ್ಲೇ ಇಡಿ. ಎಕ್ಕದಿಂದ ಐದರವರೆಗಿನದಾದರೆ ಎಳೆದುಕೊಂಡು ನಿಲ್ಲಿ. ಆರು ಅಥವಾ ಮೇಲಿನದಾದರೆ ಎಳೆಯದೆ ನಿಲ್ಲಿ.

ಎಷ್ಟೋ ಕಟ್ಟುಗಳನ್ನು ಸೇರಿಸಿದಂತೆ, ಅಂದರೆ ಎಲೆಗಳ ಪ್ರಮಾಣ ಬದಲಾಗದಂತೆ, ನಾನು ಕಾಗದದ ಮೇಲೆ ಲೆಕ್ಕ ಹಾಕಿದಾಗ ಸೋಲು 54 ಪೈಸೆಯಿಂದ ಸುಮಾರು ಹದಿನೈದೂವರೆ ಪೈಸೆಗೆ ಇಳಿಯಿತು. ಐದು ಬಂದರೆ 21, ಗೆಲುವು ಹೆಚ್ಚುಕಡಿಮೆ ಕೈಯಲ್ಲೇ ಇದ್ದಂತೆ. ಇದನ್ನು ಯಾರಾದರೂ ಊಹಿಸುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಹತ್ತರ ಎಲೆ. ಅದು ನಿಮಗೆ ಬೇಡ, ಎಳೆದರೆ ಸತ್ತಿರಿ. ಬಿಟ್ಟರೆ ಅದು ಡೀಲರ್‌ನ ಪಾಲು. ಮುಚ್ಚಿದ ಎಲೆ ಎರಡರಿಂದ ಆರರೊಳಗಿದ್ದರೆ ಅವನ ಮೊತ್ತ 12ರಿಂದ 16. ಅವನು ಎಳೆಯಲೇಬೇಕು, ಎಳೆದರೆ ಆ ಹತ್ತು ಅವನನ್ನು 21ರ ಆಚೆ ದೂಡುತ್ತದೆ. ಎಕ್ಕವನ್ನು ಬಿಟ್ಟರೆ ಮುಚ್ಚಿದ ಎಲೆಗೆ ಇರುವ 12 ಸಾಧ್ಯತೆಗಳಲ್ಲಿ ಐದು ನಿಮ್ಮವು. ಬೇಡದ ಎಲೆಯನ್ನು ತಿಳಿದು ಬಿಡುವುದಕ್ಕೂ ಇಷ್ಟು ಬೆಲೆ ಇದೆ. ಆರು ಬಂದರೆ ಮಾತ್ರ ತಿಳಿದೂ ಪ್ರಯೋಜನ ಅತ್ಯಲ್ಪ: ನಿಮ್ಮನ್ನು ಕೆಡಿಸುತ್ತದೆ, ಡೀಲರ್‌ನನ್ನು 16 ಇದ್ದಾಗಷ್ಟೇ ಕೆಡಿಸುತ್ತದೆ.

ಇಂಥ ಲೆಕ್ಕಕ್ಕೆ ಹಿರಿಯರಿದ್ದಾರೆ. ಅಮೆರಿಕದ ಸೇನೆಯಲ್ಲಿದ್ದ ಬಾಲ್ಡ್‌ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿನ ಕ್ಯಾಲ್ಕುಲೇಟರ್‌ಗಳಲ್ಲಿ ಗುಣಿಸಿ ಭಾಗಿಸಿ, ಯಾವ ಕೈಗೆ ಯಾವ ನಿರ್ಧಾರ ಸರಿ ಎಂಬುದನ್ನು 1956ರಲ್ಲಿ ಪ್ರಕಟಿಸಿದರು. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಐಬಿಎಂ 704 ಕಂಪ್ಯೂಟರ್ ಬಳಸಿ, ಹೊರಬಿದ್ದ ಎಲೆಗಳನ್ನು ನೆನಪಿಟ್ಟರೆ ಮೇಲುಗೈ ಆಟಗಾರನತ್ತ ವಾಲಬಲ್ಲದು ಎಂದು 1961ರಲ್ಲಿ ತೋರಿಸಿದರು. ತಪ್ಪಿಲ್ಲದೆ ಆಡುವವನ ಮೇಲೆ ಕ್ಯಾಸಿನೊಗೆ ಇರುವ ಮೇಲುಗೈ ರೂಪಾಯಿಗೆ ಸುಮಾರು ಅರ್ಧ ಪೈಸೆ ಮಾತ್ರ. ಹಾಗಾಗಿಯೇ ಸಣ್ಣ ಸುಳಿವೂ ಅಲ್ಲಿ ದೊಡ್ಡದಾಗುತ್ತದೆ. ತಲೆಯಲ್ಲಿ ಎಣಿಸುವುದು ಅಮೆರಿಕದಲ್ಲಿ ಅಪರಾಧವಲ್ಲ. ಉಪಕರಣದ ನೆರವು ಪಡೆಯುವುದನ್ನು ನೆವಾಡಾ ರಾಜ್ಯ 1985ರಲ್ಲಿ ನಿಷೇಧಿಸಿತು.

ಕೊನೆಯ ಹೆಜ್ಜೆ ಪಣಕ್ಕೆ ಸಂಬಂಧಿಸಿದ್ದು. ಪಣ ಇಡುವ ಮೊದಲೇ, ನಿಮಗೆ ಬೀಳುವ ಮೊದಲ ಎಲೆ ಎಕ್ಕ ಎಂದು ತಿಳಿದಿದೆ ಎಂದಿಟ್ಟುಕೊಳ್ಳಿ. ಉಳಿದ 51ರಲ್ಲಿ ಹತ್ತರ ಬೆಲೆಯವು 16. ಬ್ಲ್ಯಾಕ್‌ಜಾಕ್ ಆಗುವ ಸಂಭವ ಶೇ 31ಕ್ಕೂ ತುಸು ಹೆಚ್ಚು. ಉಳಿದ ಕೈಗಳನ್ನೂ ಸೇರಿಸಿದರೆ ರೂಪಾಯಿಗೆ ಸುಮಾರು 50 ಪೈಸೆ ಲಾಭ. ಆ ಒಂದು ಕೈಗೆ ಬೀಜಗಳನ್ನು ರಾಶಿ ಹಾಕಬಹುದು.

ಆದರೆ ಎಕ್ಕ ಒಂದು ಸ್ಥಾನ ಸರಿದು ಡೀಲರ್‌ನ ತೆರೆದ ಎಲೆಯಾಗಿ ಬಿದ್ದರೆ ನಿಮಗೆ ರೂಪಾಯಿಗೆ ಸುಮಾರು 35 ಪೈಸೆ ನಷ್ಟ. ಬೇರೆ ಆಟಗಾರರಿಗೆ ಹೋದರೆ ಹೆಚ್ಚು ವ್ಯತ್ಯಾಸವಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಳ್ಳಿ. ಹತ್ತು ಸಲದಲ್ಲಿ ನಿಮಗೆ ನಾಲ್ಕು, ಡೀಲರ್‌ಗೆ ನಾಲ್ಕು, ಉಳಿದವರಿಗೆ ಎರಡು ಎಂದಾದರೆ ಸರಾಸರಿ ಆರು ಪೈಸೆ ಲಾಭ. ನಿಮಗೆ ಮೂರು, ಡೀಲರ್‌ಗೆ ಐದು, ಉಳಿದವರಿಗೆ ಎರಡು ಎಂದಾದರೆ ಸುಮಾರು ಎರಡೂವರೆ ಪೈಸೆ ನಷ್ಟ, ಅದೂ ನೀವು ನಂಬಿ ಹೆಚ್ಚಿಸಿದ ಪಣದ ಮೇಲೆ. ಎಕ್ಕ ಬರುತ್ತದೆ ಎಂಬ ನಿಮ್ಮ ಮಾಹಿತಿ ಎರಡೂ ಸಾಲಿನಲ್ಲಿ ಸರಿಯಾಗಿಯೇ ಇತ್ತು.